ಅದೇ ಜೋಡಿ ಎತ್ತು, ಬೇರೆ ಕೈ

ಪ್ರಶ್ನೆ: ನಮ್ಮಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಹುಬ್ಬಳ್ಳಿಯಿಂದ ಅಂಕೋಲಾ, ಕಾರವಾರಕ್ಕೆ ಅಂತ ಅರಬೈಲ್ ಘಾಟಿ ಹತ್ತಿ ಇಳಿದದ್ದಕ್ಕೆ ಲೆಕ್ಕವೇ ಇಲ್ಲ. ಭಾನುವಾರ ನಾನು ಫಾರ್ಮುಲಾ ಒನ್ ಕಾರ್ ರೇಸ್ ನೋಡುತ್ತ ಕೂತರೆ ಅವರದು ಒಂದೇ ಮಾತು: "ಈಗಿನವ್ರು ಗಾಡಿ ಓಡಸಂಗಿಲ್ಲೋ, ಗಾಡಿನ ಇವರನ್ನ ಓಡಸ್ತೈತಿ. ಓಡಿಸಿದವ್ರು ಅಂದ್ರ ಹಿಂದಿನವ್ರು." ನನಗೋ, ಈಗಿನ ಡ್ರೈವರ್ ವರ್ಸ್ಟಾಪನ್ ಮುಂದೆ ಹಳಬರು ಯಾರೂ ನಿಲ್ಲಲಾರರು ಅನಿಸುತ್ತದೆ. ಯಾರು ಸರಿ? ಹಳಬರನ್ನೂ ಹೊಸಬರನ್ನೂ ಹೋಲಿಸಲು ಬರುತ್ತದೆಯೇ? ಕೊನೆಗೆ ಒಂದೇ ಹೆಸರು ಹೇಳಿ ಅಂದರೆ ಯಾರ ಹೆಸರು ಹೇಳುತ್ತೀರಿ?
— ಓದುಗ, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಅಪ್ಪನ ಮಾತಿನ ಮೊದಲ ಅರ್ಧ ತಪ್ಪು. ಅದನ್ನು ಈಗಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಎರಡನೇ ಅರ್ಧದ ಬಗ್ಗೆ ಹೇಳುವುದು ಬಹಳ ಇದೆ.

ಇವತ್ತಿನ ಫಾರ್ಮುಲಾ ಒನ್ ಕಾರು ತಾನೇ ಓಡುವುದಿಲ್ಲ. ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ಎಬಿಎಸ್ ಅದರಲ್ಲಿ ಇಲ್ಲ. ಆಕ್ಸಿಲರೇಟರ್ ಜಾಸ್ತಿ ಆದರೆ ಗಾಲಿ ಸುಮ್ನೆ ತಿರುಗದಂತೆ ನೋಡಿಕೊಳ್ಳುವ ಟ್ರ್ಯಾಕ್ಷನ್ ಕಂಟ್ರೋಲ್ 2008ರಿಂದ ನಿಷೇಧ. ವಿದ್ಯಾನಗರದ ಅಪಾರ್ಟ್‌ಮೆಂಟ್ ಕೆಳಗೆ ನಿಂತ ಹೊಸ ಕಾರಿನಲ್ಲಿ ಎಬಿಎಸ್ ಇದೆ, ವರ್ಸ್ಟಾಪನ್ ಕಾರಿನಲ್ಲಿ ಇಲ್ಲ. ಹತ್ತಿರಹತ್ತಿರ ಸಾವಿರ ಅಶ್ವಶಕ್ತಿಯ ಗಾಡಿ. ಅದನ್ನು ಹದದಲ್ಲಿ ಇಡುವುದು ಅವನ ಬಲಗಾಲು ಒಂದೇ. ಸ್ಟೀರಿಂಗ್ ಮೇಲೆ ಅಷ್ಟೊಂದು ಗುಂಡಿಗಳಿವೆಯಲ್ಲ, ಅವು ಕೆಲಸ ಕಡಿಮೆ ಮಾಡಲು ಇರುವಂಥವಲ್ಲ. ಒಂದು ತಿರುವು ಮುಗಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಮುಂದಿನ ಗಾಲಿಗೆ ಎಷ್ಟು ಬ್ರೇಕ್, ಹಿಂದಿನದಕ್ಕೆ ಎಷ್ಟು ಅಂತ ಅವನೇ ಬದಲಿಸಿಕೊಳ್ಳಬೇಕು. ಬ್ಯಾಟರಿ ಎಲ್ಲಿ ಉಳಿಸಬೇಕು, ಎಲ್ಲಿ ಖರ್ಚು ಮಾಡಬೇಕು ಅಂತ ನೋಡಬೇಕು. ನಡುವೆ ಕಿವಿಯಲ್ಲಿ ಇಂಜಿನಿಯರ್ ಮಾತಾಡುತ್ತಿರುತ್ತಾನೆ.

ಮೈಗೆ ಬೀಳುವ ಹೊರೆಯಲ್ಲೂ ಈಗಿನವರದೇ ಜಾಸ್ತಿ. ಜೋರಾಗಿ ಬ್ರೇಕ್ ಒತ್ತಿದಾಗ ದೇಹದ ಮೇಲೆ 5 ಜಿ ಒತ್ತಡ ಬೀಳುತ್ತದೆ. ಅಂದರೆ ಪ್ರತಿ ಅಂಗದ ತೂಕ ಐದು ಪಟ್ಟು. ತಲೆ, ಹೆಲ್ಮೆಟ್ ಸೇರಿ ಆರೂವರೆ ಕಿಲೋ ಅಂತ ಹಿಡಿಯಿರಿ, ಆ ಕ್ಷಣಕ್ಕೆ ಕುತ್ತಿಗೆ ಮೂವತ್ತು ಕಿಲೋಗಿಂತ ಹೆಚ್ಚು ಹೊರುತ್ತದೆ. ಒಂದು ಸುತ್ತಿನಲ್ಲಿ ಹಲವು ಸಲ, ಒಂದೂವರೆ ಗಂಟೆ. 2023ರ ಕತಾರ್ ರೇಸಿನ ಸೆಕೆಯಲ್ಲಿ ಎಸ್ಟೆಬಾನ್ ಒಕಾನ್ ಹೆಲ್ಮೆಟ್ ಒಳಗೇ ವಾಂತಿ ಮಾಡಿಕೊಂಡು ರೇಸ್ ಮುಗಿಸಿದ. ಲೋಗನ್ ಸಾರ್ಜೆಂಟ್ ಆಗುವುದೇ ಇಲ್ಲ ಅಂತ ಅರ್ಧಕ್ಕೆ ನಿಲ್ಲಿಸಿದ. ಇವರು ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನರ ಹಾಗೆ ವರ್ಷಪೂರ್ತಿ ಕುತ್ತಿಗೆ ಬಲಿಸಿಕೊಂಡ ಹುಡುಗರು. ಅವರ ಗತಿಯೇ ಹಾಗಾಯಿತು.

ಆದ್ದರಿಂದ ಗಾಡಿ ಇವರನ್ನು ಓಡಿಸುವುದಿಲ್ಲ. ಇನ್ನು ಹಿಂದಿನವರಿಗೆ ಬರೋಣ.

ಹುವಾನ್ ಮಾನ್ಯುಯೆಲ್ ಫಾಂಜಿಯೊ ಅರ್ಜೆಂಟೀನಾದ ಬಾಲ್ಕಾರ್ಸೆ ಅನ್ನುವ ಊರಿನವ. ಹುಟ್ಟಿದ್ದು 1911ರಲ್ಲಿ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಹುಟ್ಟಿದ್ದು 1910ರ ಕೊನೆಯ ದಿನ, ಹೆಚ್ಚುಕಡಿಮೆ ಒಂದೇ ವಾರಿಗೆಯವರು. ಇದನ್ನು ಸುಮ್ನೆ ಹೇಳಲಿಲ್ಲ. ಮನ್ಸೂರರ ಮೊದಮೊದಲ ಹಾಡುಗಳು 78ರ ಪ್ಲೇಟಿನಲ್ಲಿವೆ. ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷವಷ್ಟೇ. ಆ ಪ್ಲೇಟು ಕೇಳಿ, ಇವತ್ತಿನ ಗಾಯಕರ ಒಂದು ತಾಸಿನ ರೆಕಾರ್ಡಿಂಗ್ ಪಕ್ಕದಲ್ಲಿಟ್ಟು, ಯಾರು ಚೆನ್ನಾಗಿ ವಿಸ್ತಾರ ಮಾಡುತ್ತಾರೆ ಅಂತ ಧಾರವಾಡದಲ್ಲಿ ಯಾರೂ ಕೇಳುವುದಿಲ್ಲ. ಮೂರು ನಿಮಿಷದಲ್ಲಿ ರಾಗದ ಮುಖ ತೋರಿಸು ಅಂತ ಆ ಕಾಲ ಕೇಳಿತ್ತು, ಅವರು ತೋರಿಸಿದರು. ರೇಸಿನಲ್ಲೂ ಮೊದಲು ನೋಡಬೇಕಾದದ್ದು ಅದನ್ನೇ. ಆ ಕಾಲ ಡ್ರೈವರ್‌ನಿಂದ ಏನು ಕೇಳಿತು?

ಫಾಂಜಿಯೊನಿಂದ ಕೇಳಿದ್ದು ಮೊದಲನೆಯದಾಗಿ ಗಾಡಿಯನ್ನು ಉಳಿಸಿಕೊಂಡು ಬಾ ಅಂತ. ಅವನು ಮೂಲದಲ್ಲಿ ಮೆಕ್ಯಾನಿಕ್. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಪೆರುವಿನ ಲಿಮಾಕ್ಕೆ ಹೋಗಿ ವಾಪಸ್ ಬರುವ, ಒಂಬತ್ತು ಸಾವಿರ ಕಿಲೋಮೀಟರ್ ಮೀರಿದ ರೇಸನ್ನು ಷೆವರ್ಲೆ ಕಾರಿನಲ್ಲಿ ಗೆದ್ದ. ಆಂಡಿಸ್ ಬೆಟ್ಟಗಳ ಮಣ್ಣುದಾರಿ. ಗಾಡಿ ಕೆಟ್ಟರೆ ಅವನೇ ರಿಪೇರಿ ಮಾಡಬೇಕು. ಯುರೋಪಿನ ಫಾರ್ಮುಲಾ ಒನ್ನಿಗೆ ಬರುವಾಗ ವಯಸ್ಸು 38. ಈಗ ಅದು ಬಹಳ ಮಂದಿ ನಿವೃತ್ತಿ ಆಗಿರುವ ವಯಸ್ಸು. ಅಲ್ಲಿಂದ ಮುಂದೆ ಐದು ಸಲ ವಿಶ್ವ ಚಾಂಪಿಯನ್: 1951, ಮತ್ತೆ 1954ರಿಂದ 1957ರವರೆಗೆ ಸತತ ನಾಲ್ಕು.

ಆಗಿನ ರೇಸು ಮೂರು ಗಂಟೆ ನಡೆಯುತ್ತಿತ್ತು. ಈಗ 305 ಕಿಲೋಮೀಟರ್ ಮುಗಿದರೆ ಮುಗಿಯಿತು, ಆಗ 500ರ ಆಜುಬಾಜು. ಇಂಜಿನ್ ಮುಂದೆ, ಅದರ ಬಿಸಿಯೆಲ್ಲ ಕಾಲಿನ ಮೇಲೆ. ದೊಡ್ಡ ಸ್ಟೀರಿಂಗ್, ಪವರ್ ಇಲ್ಲ. ತೆಳ್ಳನೆಯ ಟೈರು. ಗೇರ್ ಬದಲಿಸಲು ಪ್ರತಿ ಸಲ ಒಂದು ಕೈ ಸ್ಟೀರಿಂಗ್ ಬಿಡಬೇಕು. ಕ್ಲಚ್ ಒತ್ತಿ, ಇಂಜಿನ್ ವೇಗವನ್ನು ಗೇರಿನ ವೇಗಕ್ಕೆ ಹೊಂದಿಸಿ, ಅದೇ ಹೊತ್ತಿಗೆ ಅದೇ ಬಲಗಾಲಿನಿಂದ ಬ್ರೇಕನ್ನೂ ಒತ್ತಬೇಕು. ಒಂದು ಸಲ ತಪ್ಪಿದರೆ ಇಂಜಿನ್ ಚೂರು. ಹಳೇ ಟಾಟಾ ಲಾರಿಯಲ್ಲಿ ಡಬಲ್ ಕ್ಲಚ್ ಹೊಡೆದ ನಿಮ್ಮಪ್ಪನಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ಟೀರಿಂಗ್ ಹಿಂದಿನ ಚಿಕ್ಕ ಪಟ್ಟಿ ಎಳೆದರೆ ಗೇರ್ ಬೀಳುವ ವ್ಯವಸ್ಥೆ ಬಂದದ್ದು 1989ರಲ್ಲಿ, ಫೆರಾರಿ ಕಾರಿನಲ್ಲಿ. ಅದರ ಮೊದಲ ರೇಸನ್ನೇ ನೈಜೆಲ್ ಮ್ಯಾನ್ಸೆಲ್ ಬ್ರೆಜಿಲ್‌ನಲ್ಲಿ ಗೆದ್ದ. ಅಲ್ಲಿಗೆ ಒಂದು ಕಲೆ ಮುಗಿಯಿತು. ನನಗೆ ಅದರ ಬಗ್ಗೆ ಈಗಲೂ ಸ್ವಲ್ಪ ಸಂಕಟ ಇದೆ.

ಟೈರಿನ ಹಿಡಿತವೂ ಬೇರೆ ಥರದ್ದು. 1968ರಲ್ಲಿ ಕಾರುಗಳಿಗೆ ರೆಕ್ಕೆ ಬಂತು. ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ, ವೇಗ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಇವತ್ತಿನ ಕಾರಿಗೆ ಜೋರಾಗಿ ಹೋಗುವಾಗ ತನ್ನ ತೂಕಕ್ಕಿಂತ ಜಾಸ್ತಿ ಒತ್ತಡ ಗಾಳಿಯಿಂದಲೇ ಸಿಗುತ್ತದೆ. ಹೆದರಿ ಕಾಲು ತೆಗೆದರೆ ಹಿಡಿತವೇ ಹೋಗುತ್ತದೆ. ನಂಬಿ ಒತ್ತಬೇಕು. ಫಾಂಜಿಯೊ ಕಾರಿಗೆ ಇದು ಯಾವುದೂ ಇರಲಿಲ್ಲ. ಮಳೆ ಬಿದ್ದ ಎರೆ ಮಣ್ಣಿನ ದಾರಿಯಲ್ಲಿ ಬೈಕ್ ಓಡಿಸಿದ ನಮ್ಮ ಕಡೆಯವರಿಗೆ ಇದು ಗೊತ್ತು. ಗಾಲಿ ಒಂದಿಷ್ಟು ಜಾರುತ್ತಲೇ ಇರುತ್ತದೆ, ಆ ಜಾರುವಿಕೆಯನ್ನೇ ಹಿಡಿದುಕೊಂಡು ಹೋಗಬೇಕು. ನಾಲ್ಕೂ ಗಾಲಿ ಒಟ್ಟಿಗೆ ಜಾರುತ್ತಿರುವಾಗ ಆಕ್ಸಿಲರೇಟರ್‌ನಿಂದ ಕಾರಿನ ಮೂತಿ ತಿರುಗಿಸುವುದು ಆ ಕಾಲದ ವಿದ್ಯೆ.

ಅದರ ತುತ್ತತುದಿ 1957ರ ಆಗಸ್ಟ್ 4. ಜರ್ಮನಿಯ ನೂರ್ಬರ್ಗ್‌ರಿಂಗ್. ಒಂದು ಸುತ್ತು 22.8 ಕಿಲೋಮೀಟರ್, ಕಾಡು, ಗುಡ್ಡ, ನೂರೈವತ್ತಕ್ಕೂ ಹೆಚ್ಚು ತಿರುವು. ಇಪ್ಪತ್ತೆರಡು ಸುತ್ತಿನ ರೇಸು. ಫಾಂಜಿಯೊಗೆ 46 ವರ್ಷ. ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿ ಮಸೆರಾಟಿಯನ್ನು ಹಗುರ ಮಾಡಿಕೊಂಡು ಮುಂದೆ ಹೋದ. ನಡುವೆ ಪೆಟ್ರೋಲು, ಟೈರಿಗೆ ಅಂತ ನಿಂತಾಗ ಮೆಕ್ಯಾನಿಕ್‌ಗಳು ತಡ ಮಾಡಿದರು. ವಾಪಸ್ ಬಂದಾಗ ಫೆರಾರಿಯ ಮೈಕ್ ಹಾಥಾರ್ನ್, ಪೀಟರ್ ಕಾಲಿನ್ಸ್ ಇಬ್ಬರೂ ಮುಕ್ಕಾಲು ನಿಮಿಷಕ್ಕಿಂತ ಜಾಸ್ತಿ ಮುಂದೆ. ಆಮೇಲೆ ಒಂದೊಂದು ಸುತ್ತಿಗೂ ದಾಖಲೆ ಮುರಿಯುತ್ತ ಹೋದ. ಅವನ ಅತಿ ವೇಗದ ಸುತ್ತು 9 ನಿಮಿಷ 17.4 ಸೆಕೆಂಡ್. ರೇಸಿಗೆ ಮೊದಲು, ಮುಂದಿನ ಸ್ಥಾನದಿಂದ ಹೊರಡಲು ಖಾಲಿ ಟ್ರ್ಯಾಕಿನಲ್ಲಿ ಅವನೇ ಓಡಿಸಿದ ಸುತ್ತಿಗಿಂತ ಎಂಟು ಸೆಕೆಂಡ್ ಬೇಗ! 21ನೇ ಸುತ್ತಿನಲ್ಲಿ ಇಬ್ಬರನ್ನೂ ಹಿಂದೆ ಹಾಕಿದ. ಮೂರೂವರೆ ಸೆಕೆಂಡ್ ಅಂತರದಲ್ಲಿ ಗೆದ್ದ.

ಗೆದ್ದ ಮೇಲೆ ಅವನು ಹೇಳಿದ್ದು ಇಷ್ಟು: ಹೀಗೆ ಯಾವತ್ತೂ ಓಡಿಸಿರಲಿಲ್ಲ, ಇನ್ನು ಓಡಿಸುವುದೂ ಇಲ್ಲ. ಓಡಿಸಲಿಲ್ಲ ಕೂಡ. ಅದೇ ಅವನ ಕೊನೆಯ ಫಾರ್ಮುಲಾ ಒನ್ ಗೆಲುವು, ಮುಂದಿನ ವರ್ಷ ರೇಸ್ ಬಿಟ್ಟ. ಅವತ್ತು ಅವನ ಹಿಂದೆ ಬಂದ ಇಬ್ಬರ ಕಥೆ ಕೇಳಿ. ಕಾಲಿನ್ಸ್ ಒಂದು ವರ್ಷಕ್ಕೆ ಅದೇ ನೂರ್ಬರ್ಗ್‌ರಿಂಗ್‌ನಲ್ಲಿ ಸತ್ತ. ಹಾಥಾರ್ನ್ 1958ರ ಚಾಂಪಿಯನ್ ಆಗಿ, ನಿವೃತ್ತಿ ತೆಗೆದುಕೊಂಡು, 1959ರ ಜನವರಿಯಲ್ಲಿ ಸಾಮಾನ್ಯ ರಸ್ತೆಯಲ್ಲಿ ಕಾರು ಅಪಘಾತದಲ್ಲಿ ಹೋದ. ಇಬ್ಬರೂ ಮೂವತ್ತು ಮುಟ್ಟಲಿಲ್ಲ.

ಅಪ್ಪನ ಮಾತಿನ ಸತ್ಯ ಇರುವುದು ಇಲ್ಲಿ. ಎರಡು ಕಾಲದ ನಡುವೆ ಎಲ್ಲಕ್ಕಿಂತ ಜಾಸ್ತಿ ಬದಲಾದದ್ದು ತಪ್ಪಿನ ಬೆಲೆ. 1966ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮಳೆಗೆ ಜಾರಿ ಜಾಕಿ ಸ್ಟೀವರ್ಟ್ ಕಾರು ರಸ್ತೆ ಬಿಟ್ಟು ಹೋಯಿತು. ಸೊಟ್ಟಗಾದ ಕಾರಿನೊಳಗೆ, ಮೈಯೆಲ್ಲ ಪೆಟ್ರೋಲ್‌ನಲ್ಲಿ ನೆನೆದು, ಇಪ್ಪತ್ತೈದು ನಿಮಿಷ ಸಿಕ್ಕಿಕೊಂಡಿದ್ದ. ಬಿಡಿಸಿದ್ದು ಇಬ್ಬರು ಸಹ ಡ್ರೈವರ್‌ಗಳು, ಅದೂ ಪ್ರೇಕ್ಷಕನೊಬ್ಬನಿಂದ ಪಾನಾ ಇಸಕೊಂಡು. ಆಮೇಲೆ ಸ್ಟೀವರ್ಟ್ ಒಂದು ಪಾನಾವನ್ನು ಕಾರಿನೊಳಗೇ ಟೇಪ್ ಹಚ್ಚಿ ಇಟ್ಟುಕೊಳ್ಳತೊಡಗಿದ. ಸುರಕ್ಷತೆಗಾಗಿ ಅವನು ಹೋರಾಡಿದಾಗ ಪುಕ್ಕಲ ಅಂತ ಬೈದವರೂ ಇದ್ದರು. ಮೂರು ಸಲ ಚಾಂಪಿಯನ್ ಆದವನನ್ನು! ಅವನು ಮತ್ತು ಅವನಂಥವರು ಹಟ ಹಿಡಿದದ್ದರಿಂದಲೇ ಬೇಲಿ, ವೈದ್ಯರು, ಬೆಂಕಿ ತಡೆಯುವ ಬಟ್ಟೆ ಎಲ್ಲ ಬಂದವು. 1981ರಲ್ಲಿ ಕಾರ್ಬನ್ ಫೈಬರ್ ಚಾಸಿ ಬಂತು, 2003ರಲ್ಲಿ ಕುತ್ತಿಗೆ ಹಿಡಿಯುವ ಪಟ್ಟಿ ಕಡ್ಡಾಯ ಆಯಿತು, 2018ರಲ್ಲಿ ತಲೆ ಕಾಯುವ ಹೇಲೋ ಅನ್ನುವ ಗಟ್ಟಿ ಚೌಕಟ್ಟು. 2020ರ ನವೆಂಬರ್‌ನಲ್ಲಿ ಬಹ್ರೇನ್‌ನಲ್ಲಿ ರೊಮೇನ್ ಗ್ರೊಜಾನ್ ಕಾರು ಕಬ್ಬಿಣದ ಬೇಲಿಯೊಳಗೆ ನುಗ್ಗಿ ಎರಡು ತುಂಡಾಯಿತು. 67 ಜಿ ಹೊಡೆತ, 27 ಸೆಕೆಂಡ್ ಬೆಂಕಿಯಲ್ಲಿ. ಕೈ ಸುಟ್ಟುಕೊಂಡು ತಾನೇ ಹೊರಗೆ ಬಂದ. 1957ರಲ್ಲಿ ಆಗಿದ್ದರೆ ಹೊಡೆತಕ್ಕೇ ಜೀವ ಹೋಗುತ್ತಿತ್ತು, ಬೆಂಕಿಯ ತನಕ ಬರುವ ಮಾತೇ ಇರಲಿಲ್ಲ.

ಇದರಿಂದ ಕೌಶಲವೇ ಬೇರೆಯಾಯಿತು. ಈಗಿನ ಹುಡುಗ ನಾಲ್ಕೈದು ವರ್ಷಕ್ಕೆ ಗೋ ಕಾರ್ಟ್ ಹತ್ತುತ್ತಾನೆ. ಸಾವಿರ ಸಲ ಜಾರಿ ತಿರುಗಿ ನಿಂತಿರುತ್ತಾನೆ. ಸಿಮ್ಯುಲೇಟರ್‌ನಲ್ಲಿ ಇನ್ನೂ ಸಾವಿರ ಸಲ. ಗಾಡಿ ಹಿಡಿತ ತಪ್ಪುವ ಗೆರೆ ಎಲ್ಲಿದೆ ಅಂತ ಅವನಿಗೆ ಗೊತ್ತಾಗುವುದು ಗೆರೆ ದಾಟಿ ವಾಪಸ್ ಬಂದು. 17ನೇ ವಯಸ್ಸಿಗೆ ಫಾರ್ಮುಲಾ ಒನ್ನಿಗೆ ಬಂದ ವರ್ಸ್ಟಾಪನ್ ಆ ಗೆರೆಯ ಮೇಲೆಯೇ ನಡೆಯುತ್ತಾನೆ, ಕೂದಲೆಳೆಯಷ್ಟೂ ಬಿಡುವುದಿಲ್ಲ. ಫಾಂಜಿಯೊ, ಹಳೇ ಕಾಲದ ಇನ್ನಿಬ್ಬರು ಡ್ರೈವರ್‌ಗಳಾದ ಮಾಸ್, ಕ್ಲಾರ್ಕ್ ಅವರಿಗೆ ದಾಟಿ ನೋಡುವ ಅವಕಾಶ ಇರಲಿಲ್ಲ. ದಾಟದೆಯೇ ಗೆರೆ ಎಲ್ಲಿದೆ ಅಂತ ತಿಳಿಯಬೇಕಿತ್ತು. 1952ರಲ್ಲಿ ಫಾಂಜಿಯೊ ಹಿಂದಿನ ದಿನ ಉತ್ತರ ಐರ್ಲೆಂಡಿನಲ್ಲಿ ರೇಸ್ ಮಾಡಿ, ಪ್ಯಾರಿಸ್‌ನಿಂದ ರಾತ್ರಿಯೆಲ್ಲ ತಾನೇ ಕಾರು ಓಡಿಸಿಕೊಂಡು ಇಟಲಿಯ ಮೊಂಜಾಕ್ಕೆ ಬಂದ. ರೇಸಿಗೆ ಅರ್ಧ ಗಂಟೆ ಇತ್ತು. ನಿದ್ದೆ ಇಲ್ಲ. ಎರಡನೇ ಸುತ್ತಿಗೆ ಜಾರಿ, ಕಾರಿನಿಂದ ಹೊರಗೆ ಎಸೆಯಲ್ಪಟ್ಟು ಕುತ್ತಿಗೆ ಮೂಳೆ ಮುರಿಯಿತು. ಆ ವರ್ಷವೇ ಹೋಯಿತು. ಒಂದೇ ಒಂದು ತಪ್ಪು.

ಇನ್ನು ಲೆಕ್ಕಕ್ಕೆ ಬರೋಣ. ಫಾಂಜಿಯೊ 51 ರೇಸುಗಳಲ್ಲಿ 24 ಗೆದ್ದ, ಶೇಕಡಾ 47. ಜಿಮ್ ಕ್ಲಾರ್ಕ್ 72ರಲ್ಲಿ 25. ಈಚಿನವರಲ್ಲಿ ಶುಮಾಕರ್ 306ರಲ್ಲಿ 91. ಹ್ಯಾಮಿಲ್ಟನ್ 2024ರ ಕೊನೆಗೆ 105 ಗೆದ್ದಿದ್ದ, ಅದೂ ಮುನ್ನೂರೈವತ್ತರಷ್ಟು ರೇಸಿನಲ್ಲಿ. ಬರೀ ಗೆಲುವು ಎಣಿಸಿದರೆ ಹೊಸಬರು, ಶೇಕಡಾ ನೋಡಿದರೆ ಹಳಬರು. ಎರಡೂ ಮೋಸದ ಲೆಕ್ಕ. 1950ರಲ್ಲಿ ವರ್ಷಕ್ಕೆ ಏಳು ರೇಸು, 2024ರಲ್ಲಿ 24. ಆಗ ತಂಡದ ಹಿರಿಯನ ಕಾರು ಕೆಟ್ಟರೆ ಜೊತೆಗಾರನ ಕಾರು ತೆಗೆದುಕೊಂಡು ಹೋಗಬಹುದಿತ್ತು. ಫಾಂಜಿಯೊನ 24ರಲ್ಲಿ ಎರಡು ಗೆಲುವು ಹೀಗೆ ಹಂಚಿಕೊಂಡವು. 1956ರಲ್ಲಿ ಮೊಂಜಾದಲ್ಲಿ ಇದೇ ಕಾಲಿನ್ಸ್, ತನಗೇ ಚಾಂಪಿಯನ್ ಆಗುವ ಅವಕಾಶ ಇದ್ದಾಗ, ಇಳಿದು ತನ್ನ ಕಾರನ್ನು ಫಾಂಜಿಯೊಗೆ ಕೊಟ್ಟ. ಆ ಪಟ್ಟ ಫಾಂಜಿಯೊಗೆ ಹೋಯಿತು. ನಿಯಮವೂ ಆಟ ಬದಲಿಸುತ್ತದೆ. 1988ರಲ್ಲಿ ಎಲ್ಲ ರೇಸಿನ ಅಂಕ ಕೂಡಿದರೆ ಮೆಕ್‌ಲಾರೆನ್ ತಂಡದ ಪ್ರೋಸ್ಟ್‌ಗೆ 105, ಅದೇ ತಂಡದ ಸೆನ್ನಾಗೆ 94. ಚಾಂಪಿಯನ್ ಆದದ್ದು ಸೆನ್ನಾ, ಯಾಕೆಂದರೆ ಆಗ ಒಳ್ಳೆಯ 11 ಫಲಿತಾಂಶ ಮಾತ್ರ ಎಣಿಸುತ್ತಿದ್ದರು.

ಹಾಗಾದರೆ ಅಳೆಯುವುದು ಹೇಗೆ? ನಮ್ಮ ಹಳ್ಳಿಗಳ ಚಕ್ಕಡಿ ಸ್ಪರ್ಧೆಗೆ ಹೋಗಿದ್ದೀರಲ್ಲ. ಗಾಡಿ ಗೆದ್ದರೆ ಜನ ಮೊದಲು ಹೊಗಳುವುದು ಎತ್ತನ್ನು. ಹೊಡೆದವನು ಜೋರೋ, ಎತ್ತು ಜೋರೋ ಅಂತ ಜಗಳ ಹತ್ತಿದರೆ ಹಿರಿಯರೊಬ್ಬರು ಹೇಳುತ್ತಾರೆ, ಅದೇ ಜೋಡಿ ಮತ್ತೊಬ್ಬನ ಕೈಯಾಗ ಕೊಟ್ಟು ನೋಡ್ರಿ. ಡ್ರೈವರ್‌ಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಒಂದೇ ತಂಡದ ಒಂದೇ ಥರದ ಕಾರಿನಲ್ಲಿ ಇನ್ನೊಬ್ಬ ಏನು ಮಾಡಿದ ಅಂತ ನೋಡಬೇಕು. 2023ರಲ್ಲಿ 22 ರೇಸಿನಲ್ಲಿ ವರ್ಸ್ಟಾಪನ್ 19 ಗೆದ್ದ, ಅದೇ ರೆಡ್ ಬುಲ್ ಕಾರಿನಲ್ಲಿ ಪೆರೆಜ್ ಗೆದ್ದದ್ದು 2. ಪೆರೆಜ್ ಸಾಮಾನ್ಯ ಡ್ರೈವರ್ ಅಲ್ಲ. 1988ರಲ್ಲಿ ಮೆಕ್‌ಲಾರೆನ್ 16ರಲ್ಲಿ 15 ರೇಸು ಗೆದ್ದಿತು, ಸೆನ್ನಾ 8, ಪ್ರೋಸ್ಟ್ 7. ಆದರೆ ಮೊದಲ ಸ್ಥಾನದಿಂದ ಹೊರಟದ್ದು ಸೆನ್ನಾ 13 ಸಲ, ಪ್ರೋಸ್ಟ್ 2 ಸಲ. ಒಂದೇ ಸುತ್ತಿನ ವೇಗ ಒಬ್ಬನದು, ರೇಸು ಮುಗಿಸುವ ಬುದ್ಧಿ ಇನ್ನೊಬ್ಬನದು ಅಂತ ಆ ಅಂಕಿಗಳೇ ಹೇಳುತ್ತವೆ. 1955ರಲ್ಲಿ ಫಾಂಜಿಯೊ, ಮಾಸ್ ಇಬ್ಬರೂ ಮರ್ಸಿಡಿಸ್‌ನಲ್ಲಿ. ಚಾಂಪಿಯನ್ ಫಾಂಜಿಯೊ. ಮಾಸ್ ತನ್ನ ಜೀವನಪೂರ್ತಿ ಅವನನ್ನೇ ದೊಡ್ಡವ ಅಂದ.

ಇದೇ ದಾರಿಯಲ್ಲಿ ವಿದ್ವಾಂಸರೂ ಹೋಗಿದ್ದಾರೆ. 2016ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಕಾರಿನ ಪಾಲನ್ನು ಕಳೆದು ಡ್ರೈವರ್ ಪಾಲು ಎಷ್ಟು ಅಂತ ಲೆಕ್ಕ ಹಾಕಿದಾಗ ಮೊದಲು ಬಂದವನು ಫಾಂಜಿಯೊ, ಎರಡನೆಯವ ಪ್ರೋಸ್ಟ್. ಫಲಿತಾಂಶದಲ್ಲಿ ಡ್ರೈವರ್‌ಗಿಂತ ಕಾರಿನ, ತಂಡದ ಪಾಲು ಬಹಳ ದೊಡ್ಡದು ಅಂತಲೂ ಅದರಲ್ಲಿ ಕಂಡಿತು. 2020ರಲ್ಲಿ ಅಮೆಜಾನ್ ಕಂಪನಿಯವರು ಫಾರ್ಮುಲಾ ಒನ್ ಜೊತೆ ಸೇರಿ, 1983ರಿಂದ ಈಚೆಗಿನ ಒಂದು ಸುತ್ತಿನ ವೇಗವನ್ನಷ್ಟೇ ಜೊತೆಗಾರರೊಂದಿಗೆ ಹೋಲಿಸಿದರು. ಸೆನ್ನಾ, ಶುಮಾಕರ್, ಹ್ಯಾಮಿಲ್ಟನ್, ನಾಲ್ಕನೆಯವ ವರ್ಸ್ಟಾಪನ್. ಅದೇ ಪಟ್ಟಿಯಲ್ಲಿ ಎಂಟನೇ ಸ್ಥಾನದಲ್ಲಿ ಹೈಕ್ಕಿ ಕೊವಲಾಯಿನನ್ ಇದ್ದ. ಗೆದ್ದದ್ದು ಜೀವನದಲ್ಲಿ ಒಂದೇ ರೇಸು. ಒಂದು ಸುತ್ತಿನ ವೇಗವೇ ಎಲ್ಲ ಅಲ್ಲ ಅಂತ ನನಗೆ ಆ ಪಟ್ಟಿಯಿಂದಲೇ ಇನ್ನೂ ಗಟ್ಟಿಯಾಯಿತು.

ಒಂದು ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಇವತ್ತು ಕೊನೆಯ ಸಾಲಿನಲ್ಲಿ ನಿಂತ ಡ್ರೈವರ್ 1955ರ ಕೊನೆಯ ಸಾಲಿನವನಿಗಿಂತ ಎಷ್ಟೋ ಮೇಲು. ಆಗ ಬಹಳ ಜನ ದುಡ್ಡಿದ್ದವರು, ಹವ್ಯಾಸಿಗಳು. ಈಗ ಜಗತ್ತಿನ ಸಾವಿರಾರು ಮಕ್ಕಳಲ್ಲಿ ಜರಡಿ ಹಿಡಿದು ಇಪ್ಪತ್ತರಷ್ಟು ಮಂದಿ ಉಳಿಯುತ್ತಾರೆ. ಆ ಜರಡಿಗೂ ದುಡ್ಡು ಬೇಕು, ಅದು ಬೇರೆ ಮಾತು. ನಮ್ಮ ದೇಶದಿಂದ ಅಲ್ಲಿಯವರೆಗೆ ಹೋದವರು ನಾರಾಯಣ್ ಕಾರ್ತಿಕೇಯನ್, ಕರುಣ್ ಚಾಂಧೋಕ್ ಇಬ್ಬರೇ. ಇಬ್ಬರೂ ಕೊಯಮತ್ತೂರು, ಚೆನ್ನೈ ಕಡೆಯವರು, ಟ್ರ್ಯಾಕ್ ಇದ್ದ ಊರುಗಳವರು. ಹುಬ್ಬಳ್ಳಿಯ ಹುಡುಗನ ಕಾಲಿನಲ್ಲಿ ಎಷ್ಟು ಹದ ಇದ್ದರೂ ಅದನ್ನು ತೋರಿಸಲು ಜಾಗ ಎಲ್ಲಿದೆ?

ತುದಿಯಲ್ಲಿರುವವರ ಮಾತೇ ಬೇರೆ. 25 ವರ್ಷದ ಫಾಂಜಿಯೊನನ್ನು ಇವತ್ತಿನ ಕಾರಿನಲ್ಲಿ ಕೂರಿಸಿದರೆ ಮೊದಲ ದಿನ ಹತ್ತು ಸುತ್ತಿಗೆ ಕುತ್ತಿಗೆ ಬಿದ್ದುಹೋಗುತ್ತದೆ. ಆರು ತಿಂಗಳು ಕೊಡಿ, ಮುಂದಿನ ಸಾಲಿಗೆ ಬರುತ್ತಾನೆ ಅಂತ ನನ್ನ ನಂಬಿಕೆ. ವರ್ಸ್ಟಾಪನ್‌ಗೆ ಹಳೇ ಮಸೆರಾಟಿ ಕೊಟ್ಟರೆ ಒಂದೇ ದಿನದಲ್ಲಿ ಗೇರ್ ಹಿಡಿತಕ್ಕೆ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಅವನು ನೂರ್ಬರ್ಗ್‌ರಿಂಗ್‌ನ ಆ ಹಳೇ ಕಾಡುದಾರಿಯಲ್ಲೇ, ಜೊತೆಗಾರನೊಂದಿಗೆ, ಫೆರಾರಿ ಜಿಟಿ ಕಾರಿನಲ್ಲಿ ನಾಲ್ಕು ಗಂಟೆಯ ರೇಸ್ ಗೆದ್ದ. ಯಾರೂ ಕರೆದಿರಲಿಲ್ಲ, ಪ್ರೀತಿಗೆ ಹೋದ. ಅಪ್ಪನಿಗೆ ಇದನ್ನು ಹೇಳಿ.

ಒಂದೇ ಹೆಸರು ಕೇಳಿದ್ದೀರಿ. ನಾನು ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ರ್ಯಾಲಿ ಕಾರುಗಳ ಕೆಲಸ ಮಾಡಿದವನು. ಡ್ರೈವರ್ ಹೇಗಿದ್ದ ಅಂತ ತಿಳಿಯಲು ನಾನು ಗಡಿಯಾರಕ್ಕಿಂತ ಮೊದಲು ಬ್ರೇಕ್ ಪ್ಯಾಡ್ ಬಿಚ್ಚಿ ನೋಡುತ್ತಿದ್ದೆ. ಒಮ್ಮೆ ಮಳೆಗಾಲದ ರ್ಯಾಲಿಯಲ್ಲಿ ಒಂದೇ ಥರದ ಎರಡು ಕಾರು, ಇಬ್ಬರು ಹುಡುಗರು, ಸಮಯದಲ್ಲಿ ನಾಲ್ಕೇ ಸೆಕೆಂಡ್ ವ್ಯತ್ಯಾಸ. ಒಬ್ಬನ ಪ್ಯಾಡ್ ಸುಟ್ಟು ಪುಡಿಯಾಗಿತ್ತು. ಇನ್ನೊಬ್ಬನದು ಇನ್ನೊಂದು ರ್ಯಾಲಿಗೆ ಬರುವಂತಿತ್ತು. ಬೇಗ ಬಂದವನು ಆ ಎರಡನೆಯವನೇ. ಅವತ್ತಿನಿಂದ ನನಗೆ ದೊಡ್ಡ ಡ್ರೈವರ್ ಅಂದರೆ ಕಣ್ಣ ಮುಂದೆ ಬರುವುದು ಜಿಮ್ ಕ್ಲಾರ್ಕ್. ಸ್ಕಾಟ್ಲೆಂಡಿನ ಕುರಿ ಸಾಕುವ ರೈತ. ಗಾಡಿಗೆ ನೋವಾಗದಂತೆ ಎಲ್ಲರಿಗಿಂತ ಬೇಗ ಹೋಗುತ್ತಿದ್ದ. ಅವನ ಕಾರಿನ ಟೈರು, ಬ್ರೇಕು ಉಳಿದವರದಕ್ಕಿಂತ ಕಡಿಮೆ ಸವೆಯುತ್ತಿದ್ದವು. 1967ರಲ್ಲಿ ಮೊಂಜಾದಲ್ಲಿ ಟೈರ್ ಪಂಕ್ಚರ್ ಆಗಿ ಪೂರ್ತಿ ಒಂದು ಸುತ್ತು ಹಿಂದೆ ಬಿದ್ದ. ಆ ಸುತ್ತನ್ನು ಹಿಂದಕ್ಕೆ ಗಳಿಸಿ ಮೊದಲನೆಯವನಾದ. ಕೊನೆಯ ಸುತ್ತಿನಲ್ಲಿ ಪೆಟ್ರೋಲ್ ಸಾಲದೆ ಮೂರನೆಯವನಾದ. 1968ರ ಏಪ್ರಿಲ್ 7ರಂದು ಜರ್ಮನಿಯ ಹೊಕನ್‌ಹೈಮ್‌ ಟ್ರ್ಯಾಕಿನಲ್ಲಿ ಅಪಘಾತದಲ್ಲಿ ಸತ್ತಾಗ ಅವನಿಗೆ 32. ಅವನೇ ಹೋದ ಮೇಲೆ ನಮ್ಮ ಗತಿ ಏನು ಅಂತ ಉಳಿದ ಡ್ರೈವರ್‌ಗಳು ದಂಗಾದರು.

ಕ್ಲಾರ್ಕ್‌ಗೆ ಸ್ಪಾ ಅಂದರೆ ಆಗುತ್ತಿರಲಿಲ್ಲ. 1960ರಲ್ಲಿ ಅಲ್ಲಿ ಒಂದೇ ಮಧ್ಯಾಹ್ನ ಇಬ್ಬರು ಡ್ರೈವರ್‌ಗಳು ಸತ್ತದ್ದನ್ನು ಕಂಡಿದ್ದ. ಆ ಟ್ರ್ಯಾಕಿನಲ್ಲೇ 1962ರಿಂದ 1965ರವರೆಗೆ ಸತತ ನಾಲ್ಕು ವರ್ಷ ಗೆದ್ದ. 1963ರಲ್ಲಿ ಎಂಟನೇ ಸ್ಥಾನದಿಂದ ಹೊರಟ. ಜೋರು ಮಳೆ. ಗೇರ್ ಜಿಗಿದು ಬರುತ್ತಿತ್ತು. ಒಂದು ಕೈಯಲ್ಲಿ ಗೇರ್ ಲಿವರ್ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಹೆಚ್ಚುಕಡಿಮೆ ಐದು ನಿಮಿಷದ ಅಂತರದಲ್ಲಿ ಗೆದ್ದ. ಈ ಕಥೆಯನ್ನು ಅಪ್ಪನಿಗೆ ಓದಿ ಹೇಳಿ. ಗೇರ್ ಜಿಗಿಯುವ ಗಾಡಿಯಲ್ಲಿ ಮಳೆಗಾಲದ ಘಾಟಿ ಇಳಿಯುವುದು ಅಂದರೆ ಏನು ಅಂತ ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.